ವಿಮಾನಕ್ಕೆ ಕುಂಕುಮ ಇಟ್ಟದ್ದು

ಚೆನ್ನಾಗಿರುವುದನ್ನು ಬಿಚ್ಚಿ ನೋಡುವುದು ನನ್ನ ಹಳೆಯ ಚಟ. ಬಿಚ್ಚುವುದೇನೋ ಸುಲಭ, ಮತ್ತೆ ಜೋಡಿಸಿದಾಗ ಯಾವಾಗಲೂ ಒಂದೆರಡು ಸ್ಕ್ರೂ ಮಿಕ್ಕುತ್ತವೆ. ನಮ್ಮ ಮನೆಯ ರೇಡಿಯೋ, ಗಡಿಯಾರ, ಮಿಕ್ಸಿ ಎಲ್ಲವೂ ನನ್ನ ಕೈರುಚಿ ಕಂಡಿವೆ. ಹಾಗಾಗಿ ಎಸ್.ಪಿ. ರೋಡಿನ ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರು ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಬಂದಾಗ, ನನ್ನ ಹೆಂಡತಿ ಸುಮಾ ಮೊದಲು ಮಾಡಿದ ಕೆಲಸವೆಂದರೆ ಸ್ಕ್ರೂಡ್ರೈವರನ್ನು ಬಚ್ಚಿಟ್ಟದ್ದು. ಸ್ಕ್ರೂಡ್ರೈವರೇ ಇಲ್ಲದೆ ಬಿಚ್ಚಬಹುದಾದ ವಿಮಾನವೊಂದು ಅದರೊಳಗೇ ಇದೆಯೆಂದು ಪಾಪ, ಅವಳಿಗೇನು ಗೊತ್ತು.

ಅದೊಂದು ವಿಮಾನ ಹಾರಿಸುವ ಆಟ. ನಲವತ್ತು ದಾಟಿದ ಗಣಿತದ ಮೇಷ್ಟರು ನಾನು, ಭಾನುವಾರವಿಡೀ ವಿಮಾನವನ್ನು ರನ್‌ವೇ ತಪ್ಪಿಸಿ ಹುಲ್ಲಿನ ಮೇಲೆ ಓಡಾಡಿಸುತ್ತಿದ್ದೆ. ಅಪ್ಪ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಅದರ ಬಣ್ಣವನ್ನಷ್ಟೇ ನೋಡುತ್ತಿದ್ದರು. ಅವರು ಮೂವತ್ತು ವರ್ಷ ವಿಮಾನ ಕಾರ್ಖಾನೆಯಲ್ಲಿ ಬಣ್ಣ ಹಚ್ಚಿದವರು. ಒಂದು ದಿನವೂ ವಿಮಾನ ಹತ್ತಿದವರಲ್ಲ. ಆಯುಧಪೂಜೆಯ ದಿನ ವಿಮಾನದ ಮೂತಿಗೆ ವಿಭೂತಿಯ ಮೂರು ಗೆರೆ ಎಳೆದು ಕುಂಕುಮ ಇಡಲು ಅವರನ್ನೇ ಕರೆಯುತ್ತಿದ್ದರಂತೆ, ಗೆರೆ ಅಷ್ಟು ನೇರ. ನಿವೃತ್ತಿಯ ನಂತರ ಆ ಭಾಗ್ಯ ನನ್ನ ಸ್ಕೂಟರಿಗೆ ಬಂತು. ಕಂಪ್ಯೂಟರು ಬಂದ ವರ್ಷ ಮಾತ್ರ ಕೈ ನಡುಕ ಜಾಸ್ತಿಯಾಗಿ, ಕುಂಕುಮದ ಬಟ್ಟಲನ್ನು ನನ್ನ ಕಡೆ ಸರಿಸಿ, "ನೀನೇ ಇಡಪ್ಪ, ನಂದು ಅಂಕುಡೊಂಕಾಗತ್ತೆ" ಎಂದರು. ಇಟ್ಟೆ. ಸಂಕಟವಾಯಿತು. ಸಂಜೆಯವರೆಗೂ ಅವರು ಆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿಕೊಂಡೇ ಕೂತಿದ್ದರು.

ಆಟದ ವಿಮಾನಕ್ಕೆ ಪೂಜೆ ಮಾಡಿಯಾದರೂ ಅಪ್ಪನನ್ನು ನಗಿಸಬೇಕೆಂದುಕೊಂಡೆ. ವಿಮಾನದ ಮೈಬಣ್ಣವೆಲ್ಲ ಟೆಕ್ಸ್ಚರ್ ಎಂಬ ಫೈಲಿನಲ್ಲಿರುತ್ತದೆ, ಅದನ್ನು ತಿದ್ದಿದರೆ ವಿಮಾನದ ಬಣ್ಣವೂ ಬದಲಾಗುತ್ತದೆ ಎಂದು ಗಾಂಧಿ ಬಜಾರಿನ ಸೈಬರ್ ಕೆಫೆಯಲ್ಲಿ ಓದಿಕೊಂಡು ಬಂದೆ. ಚಿತ್ರ ಬಿಡಿಸುವ ಮಾಮೂಲಿ ಪ್ರೋಗ್ರಾಮಿನಲ್ಲಿ ಅದು ತೆರೆಯಲೇ ಇಲ್ಲ. ಬೇರೊಂದನ್ನು ಫ್ಲಾಪಿಯಲ್ಲಿ ತಂದು ತೆರೆದರೆ, ಅಯ್ಯೋ ರಾಮ, ಅಲ್ಲಿ ವಿಮಾನವೇ ಇಲ್ಲ. ದರ್ಜಿ ಮೇಜಿನ ಮೇಲೆ ಕತ್ತರಿಸಿ ಹರಡಿದ ಬಟ್ಟೆಯಂತೆ ಬರೀ ತುಂಡುಗಳು. ಮೇಷ್ಟರಲ್ಲವೇ, ಅಳತೆ ಹಾಕಿ ಇದೇ ಮೂತಿ ಎಂದು ತೀರ್ಮಾನಿಸಿ, ದುಂಡಗೆ ಕುಂಕುಮ ಇಟ್ಟು ಸೇವ್ ಮಾಡಿದೆ. ಅಪ್ಪನನ್ನು ಕರೆದು ಕೂರಿಸಿ ಆಟ ಶುರುಮಾಡಿದರೆ ಮೂತಿ ಬೋಳು. ವಿಮಾನವನ್ನು ಸುತ್ತಲೂ ತಿರುಗಿಸಿ ನೋಡಿದೆ. ಕುಂಕುಮ ಬಾಲದ ಅಡಿಯಲ್ಲಿ, ಹೇಳಬಾರದ ಜಾಗದಲ್ಲಿತ್ತು. ಸುಮಾ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಅಪ್ಪ ನಗಲಿಲ್ಲ. ಆ ತುಂಡುಗಳ ಚಿತ್ರ ತೋರಿಸು ಎಂದರು. ತೋರಿಸಿದೆ. ಕೈ ಪಂಚೆಯಿಂದ ತಾನೇ ಹೊರಬಂದು ಪರದೆಯ ಮೇಲೆ ನಡುಗುತ್ತಲೇ ಓಡಾಡಿತು: ಇದು ಹೊಟ್ಟೆ, ಇದು ಎಡರೆಕ್ಕೆಯ ತಳ, ಇದು ಬಾಗಿಲು. ಕಾರ್ಖಾನೆಯಲ್ಲೂ ಜೋಡಿಸುವ ಮುನ್ನ ತಗಡುಗಳನ್ನು ಹೀಗೇ ಹರಡಿರುತ್ತಿದ್ದರಂತೆ. "ಮೂತಿ ಇಲ್ಲಿದೆ ನೋಡೋ, ಎರಡು ಹೋಳಾಗಿ. ಇಷ್ಟು ಓದಿದೀಯ, ಮೂತಿ ಯಾವ್ದು ಬಾಲ ಯಾವ್ದು ಗೊತ್ತಾಗಲ್ವಾ?"

"ನೀವೇ ಇಡಿ ಅಪ್ಪಾ" ಎಂದು ಮೌಸನ್ನು ಅವರತ್ತ ಸರಿಸಿದೆ. ಕೈ ಹಿಂದಕ್ಕೆಳೆದುಕೊಂಡರು. ನಾನು ಚಿತ್ರವನ್ನು ಹಿಗ್ಗಿಸುತ್ತಾ ಹೋದೆ, ಒಂದೊಂದು ಚುಕ್ಕೆಯೂ ಬೆಂಕಿಪೊಟ್ಟಣದಷ್ಟು ಚೌಕವಾಗುವವರೆಗೆ. ಅಷ್ಟು ದೊಡ್ಡ ಚೌಕದೊಳಗೆ ಕೈ ಎಷ್ಟು ನಡುಗಿದರೂ, ಒತ್ತಿದಾಗ ತುಂಬುವುದು ಅದೊಂದೇ. ತಪ್ಪಿದರೆ ಅಳಿಸಿದರಾಯಿತು. ಅಪ್ಪ ಒಂದು ಚೌಕ ತುಂಬಿದರು. ಇನ್ನೊಂದು ತುಂಬಿದರು. ಒಂದು ಹೋಳಿನ ಗೆರೆ ಇನ್ನೊಂದರ ಗೆರೆಗೆ ಸರಿಯಾಗಿ ಕೂಡಬೇಕಲ್ಲ, ಆ ಲೆಕ್ಕವೂ ಅವರದೇ. ಗಣಿತದ ಮೇಷ್ಟರನ್ನು ಯಾರೂ ಕೇಳಲಿಲ್ಲ. ಎರಡು ಗಂಟೆ ಹಿಡಿಯಿತು. ವಿಮಾನ ರನ್‌ವೇ ಮೇಲೆ ಬಂದು ನಿಂತಾಗ ಮೂತಿಯ ಮೇಲೆ ನೂಲು ಹಿಡಿದಂತೆ ಮೂರು ಗೆರೆ, ನಡುವೆ ಕುಂಕುಮ. ನನ್ನ ಕಣ್ಣು ತುಂಬಿ ಬಂತು. ಮಾನಿಟರಿನ ಬೆಳಕು ಜಾಸ್ತಿ ಎಂದು ಸುಮಾಗೆ ಹೇಳಿದೆ.

ಇನ್ನು ಹಾರಿಸಿಯೇಬಿಡೋಣವೆಂದು ಕೀಲಿಮಣೆಗೆ ಕೈಹಾಕಿದೆ. ಅಪ್ಪ ತಮ್ಮ ಆ ನಡುಗುವ ಕೈಯಿಂದಲೇ ನನ್ನ ಕೈ ಹಿಡಿದರು.

"ಇವತ್ತು ಬೇಡ. ಬಣ್ಣ ಒಣಗಲಿ."

ಇದು ಕರೆಂಟಿನ ಬಣ್ಣ, ಒಣಗುವುದೇನಿದೆ ಎಂದು ತಿಳಿಸಿ ಹೇಳಬೇಕಾದ ವಿದ್ಯಾವಂತ ನಾನು. ಆಯಿತು ಎಂದು ತಲೆಯಾಡಿಸಿ ಎದ್ದೆ. ಸ್ವಲ್ಪ ಹೊತ್ತಿಗೆ ಸುಮಾ ಪರದೆಯ ಧೂಳೊರೆಸಲು ಬಟ್ಟೆ ಹಿಡಿದು ಬಂದಳು.

"ಮುಟ್ಬೇಡ ಕಣೇ, ಇನ್ನೂ ಹಸಿ ಇದೆ" ಎಂದುಬಿಟ್ಟೆ.