ಎಮ್ಮೆ ಇಲ್ಲದವಳ ಆಪರೇಷನ್

ಸರ್ಕಾರದ ಸವಲತ್ತು ಪಡೆಯುವವರಿಗೆ ಒಂದು ಪದವಿದೆ. ಫಲಾಹಾರಿ... ಅಲ್ಲ, ಅದು ಏಕಾದಶಿಯವರಿಗೆ. ಫಲಾನು... ಬಿಡಿ, ನಾಲಿಗೆಗೆ ಬರುತ್ತಿಲ್ಲ. ನಾನು ಅದಾಗಲು ಹೊರಟಾಗಲೂ ಇಂಥದ್ದೇ ಏನಾದರೊಂದು ಎಡವಟ್ಟು ನಡೆಯುತ್ತಲೇ ಇತ್ತು.

ಕಲ್ಲು

ನಾನು ಹುಟ್ಟಿದ್ದು ಕೋಲಾರದ ಕಡೆ. ಮದುವೆಯಾಗಿ ಕುಷ್ಟಗಿ ಕಡೆಯ ಹಳ್ಳಿಗೆ ಬಂದು, ಹೊಲಿಗೆ ಯಂತ್ರ ತುಳಿಯುತ್ತಲೇ ತಲೆ ಬೆಳ್ಳಗಾಯಿತು. ಒಂದು ವರ್ಷ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಆಪರೇಷನ್ ಆಗಲೇಬೇಕು, ಬಿಟ್ಟರೆ ಜೀವಕ್ಕೇ ಅಪಾಯ ಎಂದರು ಕೊಪ್ಪಳದ ಡಾಕ್ಟರು. ಪುಕ್ಕಟೆ ಆಪರೇಷನ್ನಿನ ಕಾರ್ಡು ಆಗ ಸಹಕಾರ ಸಂಘದ ಸದಸ್ಯರಿಗೆ ಮಾತ್ರ. ನಮ್ಮೂರಲ್ಲಿದ್ದದ್ದು ಹಾಲಿನ ಸಂಘ ಒಂದೇ.

ಅದರ ಕಾರ್ಯದರ್ಶಿ ಕೇಳಿದ, "ಯವ್ವಾ, ಎಮ್ಮಿ ಎಷ್ಟದಾವ?"

"ಎಮ್ಮಿ ಇಲ್ಲಪ್ಪ, ಕಲ್ಲದಾವ."

"ಕಲ್ಲು ಹಾಲು ಕೊಡತಾವೇನು? ಮೊದಲ ಸಂಘಕ್ಕ ಹಾಲು ಹಾಕ್ರಿ, ಆಮ್ಯಾಲ ಕಾರ್ಡು."

ಹೊಟ್ಟೆ ನನ್ನದು, ನೋವು ನನ್ನದು. ಅರ್ಹತೆ ಮಾತ್ರ ಎಮ್ಮೆಯದು.

ಹಾಲು

ಪಕ್ಕದ ಮನೆಯ ಚಾಚಿಗೆ ಎಮ್ಮೆಯಿತ್ತು. ಅವಳು ದಿನಾ ಒಂದು ತಂಬಿಗೆ ಹಾಲು ಕೊಡುವುದು, ನಾನು ಅವಳ ಮನೆಯವರ ಬಟ್ಟೆ ಹೊಲಿದುಕೊಡುವುದು ಎಂದು ಮಾತಾಯಿತು.

"ಎಲ್ಲಾರೂ ಒಂದೀಟು ನೀರು ಬೆರಸ್ತಾರ, ನೀನೂ ಬೆರಸು" ಎಂದಳು ಚಾಚಿ.

"ಸಿಕ್ಕಿಬಿದ್ರ ಕಾರ್ಡು ತಪ್ಪತೈತಿ" ಎಂದೆ.

ಹೀಗಾಗಿ ಇಡೀ ಸಂಘದಲ್ಲಿ ನೀರಿಲ್ಲದ ಹಾಲು ಹಾಕಿದವಳು ಎಮ್ಮೆಯೇ ಇಲ್ಲದ ನಾನೊಬ್ಬಳೇ.

ತಪಾಸಣೆ

ಒಂದು ದಿನ ಸದಸ್ಯರ ಮನೆಯಲ್ಲಿ ಎಮ್ಮೆ ಇದೆಯೋ ಇಲ್ಲವೋ ನೋಡಲು ಹಾಲು ಒಕ್ಕೂಟದ ಸಾಹೇಬರು ಬಂದರು. ಚಾಚಿಯ ಎಮ್ಮೆಯನ್ನು ತಂದು ನನ್ನ ಬಾಗಿಲಿಗೆ ಕಟ್ಟಿದೆವು. ಅದು ತನ್ನ ಮನೆಯ ಕಡೆ ಮುಖ ಮಾಡಿ ಒಂದೇ ಸಮನೆ ಒದರಿತು.

"ಯಾಕ ಒದರತೈತಿ?" ಎಂದರು ಸಾಹೇಬರು.

"ನನ್ನಂಗ ಅದಕ್ಕೂ ಹೊಟ್ಟಿನೋವ್ರಿ" ಎಂದುಬಿಟ್ಟೆ.

ಸಾಹೇಬರ ಕರುಳು ಚುರ್ ಎಂದಿತು. ಅದೇ ಸಂಜೆ ದನದ ಡಾಕ್ಟರು ಮನೆಗೇ ಬಂದು ಎಮ್ಮೆಗೆ ಪುಕ್ಕಟೆ ಸೂಜಿ ಚುಚ್ಚಿ ಹೋದರು. ನಾನು ಮತ್ತೆ ಆರು ತಿಂಗಳು ಕಾದೆ.

ಬಹುಮಾನ

ಕೊನೆಗೆ ಕಾರ್ಡು ಬಂತು, ಆಪರೇಷನ್ ಆಯಿತು, ಜೀವ ಉಳಿಯಿತು. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದರೆ ಸಂಘದ ಸಭೆಗೆ ಕರೆ. ಊರಿಗೆಲ್ಲ ಉತ್ತಮ ಹಾಲು ನನ್ನದಂತೆ. ಸ್ಟೀಲಿನ ಕೊಡ ಕೈಗಿಟ್ಟ ಸಾಹೇಬರು ಮೈಕು ಹಿಡಿದು ಕೇಳಿದರು, "ಇಂಥಾ ಹಾಲಿಗೆ ಏನೇನು ಖರ್ಚು ಮಾಡ್ತೀರಿ, ಮಂದಿಗೂ ತಿಳೀಲಿ."

ಮೈಕು ಕಂಡು ಗಾಬರಿಯಾಗಿ ನಿಜವನ್ನೇ ಹೇಳಿದೆ: "ವಾರಕ್ಕ ಎರಡು ಜಂಪರು, ಒಂದು ಲಂಗಾ ರೀ."

ಮುಂದಿನ ಸಾಲಿನಲ್ಲಿದ್ದ ಚಾಚಿ ಬಾಯಿಗೆ ಸೆರಗು ತುರುಕಿಕೊಂಡಳು.

ಹೊಸ ಅರ್ಜಿ

ಈಗ ಯಾವ ಸಂಘವೂ ಬೇಡ, ಎಲ್ಲರಿಗೂ ಕಾರ್ಡು ಎನ್ನುತ್ತಾರೆ. ಮೊಮ್ಮಗಳು ಅರ್ಜಿ ತುಂಬುತ್ತ ಕೂತಿದ್ದಾಳೆ.

"ಅಜ್ಜಿ, ಮೊದಲ ನಿನಗ ಏನರ ದೊಡ್ಡ ಬ್ಯಾನಿ ಇತ್ತೇನು, ಕೇಳ್ಯಾರ."

"ಇತ್ತವಾ. ಬರಕೋ: ಎಮ್ಮಿ ಇರಲಿಲ್ಲ."