ಕೂಸಿನ ಲಂಗೋಟಿಯೂ ಕಚೇರಿಯ ಬಸ್ತಾವೂ

ಹೊಸದಾಗಿ ತಂದೆಯಾದವನು ಎಷ್ಟೇ ಜಾಣನಿರಲಿ, ಮನೆಮಂದಿಗೆ ನಗಲು ಏನಾದರೂ ಒದಗಿಸುತ್ತಲೇ ಇರುತ್ತಾನೆ. ನಾನಂತೂ ಧಾರಾಳವಾಗಿ ಒದಗಿಸಿದವನು. ಹೈದರಾಬಾದ್ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ದಿನಗಳವು. ಶಹಾಪುರದ ಒಂದು ಕಚೇರಿಯಲ್ಲಿ ನಾನು ದಫ್ತರಖಾನೆಯ ಗುಮಾಸ್ತ. ಹಳೆಯ ಕಡತಗಳ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ. ಉರ್ದು ಕಡತ ಓದಬಲ್ಲೆ, ಕನ್ನಡದಲ್ಲಿ ಟಿಪ್ಪಣಿ ಬರೆಯಬಲ್ಲೆ, ಎಂಥ ಸಾಹೇಬರು ಬಂದರೂ ನಿಭಾಯಿಸಬಲ್ಲೆ. ಅಂಥವನಿಗೆ ಮೂರು ತಿಂಗಳ ಮಗನ ಲಂಗೋಟಿ ಒಂದು ಲೆಕ್ಕವೇ ಎಂದುಕೊಂಡಿದ್ದೆ.

೧. ಮಂಜರಪಾಟ

ಬಾಣಂತನ ಮುಗಿಸಿಕೊಂಡು ನಮ್ಮಾಕಿ ತವರು ದೇವಾಪುರದಿಂದ ಕೂಸಿನೊಂದಿಗೆ ಬಂದಳು. ಅತ್ತೆಯೂ ಜೊತೆಗೆ ಬಂದರು. ನಾನು ಮೊದಲೇ ಸಿದ್ಧನಾಗಿದ್ದೆ. ಯಾದಗಿರಿಗೆ ಹೋದಾಗ ಅಂಗಡಿಯಲ್ಲಿದ್ದ ಅತಿ ಗಟ್ಟಿ ಮಂಜರಪಾಟ ಬಟ್ಟೆ ತಂದು, ದರ್ಜಿಯಿಂದ ಲಂಗೋಟಿ ಹೊಲಿಸಿ, ಗಂಜಿ ಹಾಕಿಸಿ, ಇಸ್ತ್ರಿಯನ್ನೂ ಮಾಡಿಸಿಟ್ಟಿದ್ದೆ. ಕೆಲವೇ ದಿನಗಳಲ್ಲಿ ಕೂಸಿನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದವು. ಮುಟ್ಟಿದರೆ ಚೀರುತ್ತಿತ್ತು.

ಅತ್ತೆ ಒಂದು ಲಂಗೋಟಿ ಎತ್ತಿ ನೆಲದ ಮೇಲೆ ನಿಲ್ಲಿಸಿದರು. ಅದು ನಿಂತಿತು.

"ಅಳಿಯಾರ, ಇದು ಕೂಸಿಗೆ ತಂದೀರೋ, ಜ್ವಾಳದ ಚೀಲಕ್ಕ ತಂದೀರೋ?"

"ಭಾಳ ದಿನ ಬಾಳಿಕಿ ಬರ್ತದ್ರಿ ಅತ್ತಿ."

"ಅರಿಬಿ ಬಾಳಿಕಿ ಬರ್ತದ ಖರೆ. ಕೂಸಿನ ತೊಗಲು ಬಾಳಿಕಿ ಬರಬೇಕಲ್ರಿ?" ಎಂದವರು, ಅಲ್ಲೇ ಫರ್ಮಾನು ಹೊರಡಿಸಿದರು. "ಅಮಾಸಿ ಒಳಗ ಈ ಗುಳ್ಳಿ ಆರಲಿಲ್ಲಂದ್ರ ತಾಯಿ-ಮಗನ್ನ ದೇವಾಪುರಕ್ಕ ಕರಕೊಂಡು ಹೋಗ್ತೀನಿ. ತಿರುಗಿ ಕಳಸೂದು ಅಂವಾ ನಡ್ಯಾಕ ಕಲತ ಮ್ಯಾಲೇ."

ಅಷ್ಟು ದಿನ ಕಾದು ಈಗಷ್ಟೇ ಮಗನ ಮುಖ ಕಂಡಿದ್ದೆ. ಮತ್ತೆ ಖಾಲಿ ಮನೆಯಲ್ಲಿ ದಿನ ಎಣಿಸುವುದು ನನ್ನಿಂದಾಗದ ಮಾತು. ಹೊರಗೆ ಮಾತ್ರ ಗತ್ತಿನಿಂದ, "ಅಮಾಸಿ ತನಕ ಯಾಕ್ರಿ? ಸೋಮಾರದೊಳಗ ಆರಸ್ತೀನಿ" ಎಂದೆ.

"ನೀವು ಕೈ ಹಚ್ಚಬ್ಯಾಡ್ರಿ," ಎಂದರು ಅತ್ತೆ. "ತಾನ ಆರ್ತದ."

೨. ಧೋತರ

ಕೂಸಿಗೆ ಹಳೆ ಬಟ್ಟೆಯೇ ಆಗಬೇಕು, ಉಟ್ಟು ಒಗೆದು ಮೆತ್ತಗಾದದ್ದು ಎಂದು ಅತ್ತೆಯ ಹಟ. ಆಗಲಿ, ಎಲ್ಲಿಂದಲಾದರೂ ಹುಡುಕಿ ತರುತ್ತೇನೆ ಎಂದು ಒಪ್ಪಿಕೊಂಡು ಸ್ನಾನಕ್ಕೆ ಹೋದೆ. ಮೈಮೇಲೆ ಇನ್ನೂ ನೀರು ಹಾಕಿಕೊಳ್ಳುತ್ತಿದ್ದೇನೆ, ಹೊರಗೆ ಪರ್ರೆಂದು ಬಟ್ಟೆ ಹರಿದ ಸದ್ದು. ಬಚ್ಚಲ ಬಾಗಿಲ ಸಂದಿಯಿಂದ ಕೈ ಚಾಚಿ ಹಗ್ಗ ತಡವಿದೆ. ಖಾಲಿ.

"ಏ, ನನ್ನ ಧೋತರ ಎಲ್ಲೈತಿ?"

ಉತ್ತರ ಅತ್ತೆಯಿಂದ ಬಂತು. "ನಿಮ್ಮ ಮಗ ಉಟ್ಟಾನ್ರಿ."

"ಮತ್ತ ನಾ ಏನು ಉಡಲಿ?"

ಉಳಿದಿದ್ದ ಮಂಜರಪಾಟದ ತುಂಡು ಬಾಗಿಲ ಮೇಲಿಂದ ಬಂದು ನನ್ನ ತಲೆಯ ಮೇಲೆ ಬಿತ್ತು.

ಕಚೇರಿಗೆ ಹೊತ್ತಾಗಿತ್ತು. ಅದನ್ನೇ ಸುತ್ತಿಕೊಂಡು ಹೋದೆ. ಮಧ್ಯಾಹ್ನದೊಳಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಗ ಯಾಕೆ ಅಷ್ಟು ಚೀರುತ್ತಿದ್ದನೆಂದು ಅವತ್ತು ಚೆನ್ನಾಗಿ ತಿಳಿಯಿತು. ಸಂಜೆ ಮನೆ ಸೇರಿದಾಗ ನಮ್ಮಾಕಿ ಕೂಸಿನ ತೊಡೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ನನ್ನ ನಡಿಗೆ ನೋಡಿ ಒಳಗೆ ಕೂಗಿದಳು: "ಅವ್ವಾ, ಎಣ್ಣಿ ಇನ್ನೊಂದೀಟು ತಾ. ದೊಡ್ಡ ಕೂಸಿಗೂ ಎದ್ದಾವ!"

೩. ತೋರಣ

ಅಷ್ಟರಲ್ಲಿ ಮಳೆ ಹಿಡಿಯಿತು. ಅತ್ತೆಯ ಕಾಯಿದೆ ಬಲು ಬಿಗಿ. ಕೂಸು ಒದ್ದೆ ಮಾಡಿದ ಕೂಡಲೇ ಬಿಚ್ಚಬೇಕು, ಒರೆಸಬೇಕು, ಸ್ವಲ್ಪ ಹೊತ್ತು ಬರಿಮೈಯಲ್ಲಿ ಬಿಡಬೇಕು, ಪೂರ್ತಿ ಒಣಗಿದ ಅರಿವೆಯನ್ನೇ ಕಟ್ಟಬೇಕು. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸಿದರೂ ಸಾಲುತ್ತಿರಲಿಲ್ಲ. ಗುಳ್ಳೆ ಆಗಷ್ಟೇ ಬಾಡತೊಡಗಿದ್ದವು. ಹಸಿ ಅರಿವೆ ಕಟ್ಟಿದರೆ ಎಲ್ಲ ಕೆಟ್ಟಂತೆಯೇ.

ನನಗೆ ಗೊತ್ತಿದ್ದ ಬೆಚ್ಚನೆಯ ಜಾಗ ನನ್ನ ದಫ್ತರಖಾನೆ. ಮೊಳೆಯಿಂದ ಮೊಳೆಗೆ ಹುರಿ ಕಟ್ಟಿ, ಬಿಳಿಯ ಮುಮ್ಮೂಲೆ ಲಂಗೋಟಿಗಳನ್ನು ಸಾಲಾಗಿ ತೂಗುಬಿಟ್ಟೆ. ಅಂದೇ ಮೈಸೂರು ಕಡೆಯ ಹೊಸ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬಂದುಬಿಟ್ಟರು.

"ಇದೇನ್ರೀ ಇದು?"

ಲಂಗೋಟಿ ಒಣಗಿರಲಿಲ್ಲ, ನನ್ನ ಬಾಯಿ ಒಣಗಿತು. ನಮ್ಮ ಮುದಿ ಜವಾನ ಮುಂದೆ ಬಂದು ಸಲಾಮು ಹೊಡೆದ. "ತಮ್ಮ ಸ್ವಾಗತಕ್ಕ ತೋರಣ ಕಟ್ಟೀವ್ರಿ ಸಾಹೇಬ್ರ."

ಸಾಹೇಬರ ಮುಖ ಅರಳಿತು. "ಅಯ್ಯೋ, ಇಷ್ಟೆಲ್ಲ ಯಾಕ್ರೀ ಮಾಡೋಕ್ಹೋದ್ರಿ?" ಎನ್ನುತ್ತಾ ಒಳಗೆ ಕಾಲಿಟ್ಟರು. ಹನಿಯೊಂದು ಅವರ ನೆತ್ತಿಯ ಮೇಲೆ ಟಪ್ಪೆಂದು ಬಿತ್ತು. ಒರೆಸಿಕೊಂಡು ಮೇಲೆ ನೋಡಿದರು.

"ಪನ್ನೀರ್ರಿ," ಎಂದ ಜವಾನ.

೪. ಬಸ್ತಾ

ಸ್ವಾಗತದಿಂದ ಹಿಗ್ಗಿದ ಸಾಹೇಬರು ಹೊಸ ಸರ್ಕಾರಕ್ಕೆ ಹೊಸ ಬಸ್ತಾ ಆಗಲಿ ಎಂದು ಅಪ್ಪಣೆ ಮಾಡಿದರು. ಬಸ್ತಾ ಎಂದರೆ ಕಡತಗಳನ್ನು ಕಟ್ಟಿಡುವ ಕೆಂಪು ಬಟ್ಟೆ. ಹಳೆಯವನ್ನು ಮುಟ್ಟಿ ನೋಡಿದೆ. ನಿಜಾಮರ ಕಾಲದಿಂದ ಕಟ್ಟಿ ಬಿಚ್ಚಿ ಬೆಣ್ಣೆಯಂತೆ ಮೆತ್ತಗಾಗಿದ್ದವು. ಬೇಡದವನ್ನು ಒಯ್ಯಲೇ ಎಂದು ಕೇಳಿದೆ. "ಧಾರಾಳವಾಗಿ ತಗೊಂಡ್ಹೋಗಿ" ಎಂದರು ಸಾಹೇಬರು. ನಮ್ಮಾಕಿ ಕುದಿಸಿ, ತೊಳೆದು, ಕೆಂಡದ ಮೇಲೆ ಒಣಗಿಸಿದಳು. ಅಮಾವಾಸ್ಯೆಯ ಹಿಂದಿನ ದಿನ ಮಗನಿಗೆ ಅವನ್ನೇ ಕಟ್ಟಿದೆವು.

ಮರುದಿನ ಬೆಳಿಗ್ಗೆ ಬಿಚ್ಚಿ ನೋಡಿದ ಅತ್ತೆ ಕಿಟಾರನೆ ಕಿರುಚಿದರು. ಸೊಂಟದಿಂದ ಮೊಣಕಾಲಿನವರೆಗೆ ಮಗ ಕುಂಕುಮದಲ್ಲಿ ಹೊರಳಿ ಬಂದಂತಿದ್ದ.

"ಅಯ್ಯಯ್ಯ, ಮೈತುಂಬ ಹಬ್ಬೈತಿ! ಗಾಡಿ ಹೂಡಾಕ ಹೇಳ್ರಿ!"

ನನ್ನ ಧೈರ್ಯ ಅವತ್ತು ಮೊದಲ ಸಲ ಕೈಕೊಟ್ಟಿತು. ಹಕೀಮರ ಮನೆಗೆ ಓಡಿದೆ. ಅವರನ್ನು ಕರೆತರುವಷ್ಟರಲ್ಲಿ ಬಾಗಿಲಲ್ಲಿ ಎತ್ತಿನ ಗಾಡಿ ನಿಂತಿತ್ತು, ಗಂಟುಮೂಟೆ ಅದರೊಳಗೆ ಸೇರಿದ್ದವು, ನಮ್ಮಾಕಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೂಸು ಮಾತ್ರ ಕಾಲು ಬಡಿಯುತ್ತಾ ನಗುತ್ತಿತ್ತು.

ಹಕೀಮರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಕೊನೆಗೆ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ತೊಡೆ ಒರೆಸಿದರು. ಹತ್ತಿ ಕೆಂಪಾಯಿತು.

"ಇದು ಬೀಮಾರಿ ಅಲ್ರಿ ಅಮ್ಮಾ," ಎಂದರು. "ನಿಮ್ಮ ಮೊಮ್ಮಗ ಹೋಳಿ ಆಡ್ಯಾನ."

ಬಸ್ತಾದ ಬಣ್ಣ ಪೂರ್ತಿ ಒರೆಸಿದ ಮೇಲೆ ನೋಡಿದರೆ, ಕೆಳಗೆ ಒಂದೇ ಒಂದು ಗುಳ್ಳೆಯೂ ಇರಲಿಲ್ಲ. ಅತ್ತೆ ತಾವೇ ಕೈಯಾಡಿಸಿ, ಮತ್ತೆ ಆಡಿಸಿ ನೋಡಿದರು. ಕೂಸನ್ನು ನಮ್ಮಾಕಿಯ ಮಡಿಲಿಗೆ ಹಾಕಿದರು. ತಮ್ಮದೊಂದು ಗಂಟು ಬಿಟ್ಟು ಉಳಿದ ಗಂಟುಗಳನ್ನೆಲ್ಲ ಗಾಡಿಯಿಂದ ಇಳಿಸಿದರು. ನನಗಾದ ಖುಷಿ ಹೇಳತೀರದು. ಗಾಡಿಯವನನ್ನೇ ಅಪ್ಪಿಕೊಳ್ಳುವುದೊಂದು ಬಾಕಿ.

ಗಾಡಿ ಹತ್ತಿ ಕೂತ ಅತ್ತೆ ನನ್ನನ್ನು ಹತ್ತಿರ ಕರೆದರು. ಹೊಗಳುತ್ತಾರೆಂದು ಎದೆಯುಬ್ಬಿಸಿಕೊಂಡು ಹೋದೆ. ಅವರು ದನಿ ತಗ್ಗಿಸಿ ಕೇಳಿದರು:

"ಅಳಿಯಾರ, ಆ ಬಸ್ತಾದ ಅರಿಬಿ ಭಾಳ ಮೆತ್ತಗದಾವ ನೋಡ್ರಿ. ಸರ್ಕಾರ ಮತ್ತ ಯಾವಾಗ ಬದಲಾಗ್ತದ? ನಮ್ಮ ಸಣ್ಣ ಮಗಳು ಬಸುರಿ ಅದಾಳ."