ಭೂಪಟದ ಮೇಲಿನ ರೊಟ್ಟಿ

ಶ್ರಾವಣದ ಎರಡನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಬರೆಯಲು ಕೂತ ಹೊತ್ತನ್ನು ಮೊದಲು ನಮೂದಿಸದೆ ನನಗೆ ಮುಂದಿನ ಸಾಲು ಹೊಳೆಯುವುದಿಲ್ಲ. ಇದನ್ನು ಕೆಲವರು ಶಿಸ್ತು ಎನ್ನುತ್ತಾರೆ, ನನ್ನ ತಂಗಿ ರೋಗ ಎನ್ನುತ್ತಾಳೆ. ಇರಲಿ. ಇವತ್ತು ಬರೆಯಹೊರಟಿರುವುದು ಒಂದು ಗೆಲುವಿನ ವೃತ್ತಾಂತ. ಗೆದ್ದವನು ನಾನೇ ಆದ್ದರಿಂದ ವಿನಯ ತೋರಿಸುವ ಉದ್ದೇಶವಿಲ್ಲ. ಎರಡು ಬಣಗಳಾಗಿ ಒಡೆದುಹೋಗಿದ್ದ ಒಂದು ಒಕ್ಕೂಟವನ್ನು, ಒಂದು ಗುಂಡೂ ಹಾರದ ಹಾಗೆ, ಯಾರ ಕಾಲಿಗೂ ಬೀಳದೆ, ಮತ್ತೆ ಒಂದೇ ಮೇಜಿಗೆ ತಂದು ಕೂರಿಸಿದವನು ನಾನು. ಆ ಮೇಜು ನಮ್ಮ ಕಚೇರಿಯ ಊಟದ ಮೇಜು ಎಂದ ಮಾತ್ರಕ್ಕೆ ಸಾಧನೆ ಸಣ್ಣದಾಗುವುದಿಲ್ಲ.

ಸಮುದ್ರವನ್ನೇ ನೋಡದವರು ನೌಕಾಪಡೆಯನ್ನು ಎಲ್ಲಿ ನಿಲ್ಲಿಸಬೇಕು ಎಂದು ಎಷ್ಟು ಖಚಿತವಾಗಿ ಹೇಳಬಲ್ಲರು ಎಂಬುದನ್ನು ತಿಳಿಯಬೇಕಾದರೆ ಯಲಬುರ್ಗಾದ ನಮ್ಮ ಸರಕಾರಿ ಕಚೇರಿಗೆ ಮಧ್ಯಾಹ್ನ ಒಂದೂವರೆಗೆ ಬರಬೇಕು. ಹೊಲ ಅಳೆದುಕೊಡುವುದು ನಮ್ಮ ಕೆಲಸ, ಗಡಿ ಜಗಳಗಳೂ ನಮ್ಮಲ್ಲಿಗೇ ಬರುತ್ತವೆ. ಹಾಗಾಗಿ ಗಡಿ ಎಂಬ ಶಬ್ದ ಕಿವಿಗೆ ಬಿದ್ದರೆ ನಮ್ಮವರಿಗೆ ತಮ್ಮ ಮನೆಯವರೇ ಕೂಗಿದಂತಾಗುತ್ತದೆ. ಊಟಕ್ಕೆ ಕೂರುತ್ತಿದ್ದವರು ನಾಲ್ವರು. ಕುಷ್ಟಗಿಯ ಬಸವಂತಪ್ಪನವರು ಹಿರಿಯ ಗುಮಾಸ್ತರು. ಇವರ ಡಬ್ಬಿಯಲ್ಲಿ ಖಡಕ್ ರೊಟ್ಟಿ ಮತ್ತು ಎಣ್ಣೆಗಾಯಿ. ಕೊಪ್ಪಳದಿಂದ ದಿನಾ ಬಸ್ಸಿಗೆ ಬರುವ ಶರಣಮ್ಮ ಮೇಡಂ ಟೈಪಿಸ್ಟ್. ಇವರದು ಶೇಂಗಾ ಚಟ್ನಿ ಮತ್ತು ಗಟ್ಟಿ ಮೊಸರು. ಜೀಪಿನ ಚಾಲಕ ಮೌಲಾಸಾಬ ಏನಾದರೂ ತರುತ್ತಾನೆ, ಏನಾದರೂ ತಿನ್ನುತ್ತಾನೆ. ನಾಲ್ಕನೆಯವನು ನಾನು. ಹೆಸರಿದ್ದರೂ ಎಲ್ಲರೂ ನನ್ನನ್ನು ಕರೆಯುವುದು ನನ್ನ ಊರಿನ ಹೆಸರಿನಿಂದ, ‘ಗಂಗಾವತಿ’ ಎಂದು. ಯಲಬುರ್ಗಾದಲ್ಲಿ ಬಾಡಿಗೆ ಕೋಣೆ. ನನಗೆ ಬರುವ ಅಡುಗೆ ಒಂದೇ: ಅನ್ನ. ಅಕ್ಕಿ ಊರಿನಿಂದ ಬರುತ್ತದೆ, ಕುಕ್ಕರ್ ಸಿಳ್ಳೆ ಹೊಡೆಯುತ್ತದೆ, ನನ್ನ ಪಾಕಶಾಸ್ತ್ರ ಅಲ್ಲಿಗೆ ಮುಗಿಯುತ್ತದೆ. ರೊಟ್ಟಿ ಮುಗಿದ ಮೇಲೆ ಅವರಿಗೆಲ್ಲ ಒಂದೊಂದು ಹಿಡಿ ಗಂಗಾವತಿ ಅನ್ನ ಬೇಕು. ಅನ್ನದ ಜೊತೆಗೆ ನನಗೆ ಪಲ್ಯ, ಚಟ್ನಿ, ಮೊಸರು ಬೇಕು. ಹೀಗೆ ನಮ್ಮ ಒಕ್ಕೂಟ ಪರಸ್ಪರ ಅಗತ್ಯದ ಮೇಲೆ ನಿಂತಿತ್ತು.

ಮೇಜಿನ ಮೇಲೆ ಹಾಸುತ್ತಿದ್ದುದು ಹಿಂದಿನ ದಿನದ ಪತ್ರಿಕೆ. ಚರ್ಚೆಯ ಮೂಲವೂ ಅದೇ. ದೂರದಲ್ಲೆಲ್ಲೋ ಒಂದು ದೊಡ್ಡ ದೇಶಕ್ಕೂ ಪಕ್ಕದ ಸಣ್ಣ ದೇಶಕ್ಕೂ ಯುದ್ಧ ನಡೆದಿತ್ತು. ಅವುಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಓದುವವರಲ್ಲೂ ಎರಡು ಪಾಳಯಗಳಾಗಿ ನನ್ನ ಪ್ರಬಂಧ ಇಲ್ಲೇ ನಿಂತುಹೋದೀತು. ಬಸವಂತಪ್ಪನವರು ದೊಡ್ಡ ದೇಶದ ಕಡೆ.

“ನಿಮ್ಮ ಮನಿ ಬಾಗಲಿಗೆ ಎದುರಾಬದುರು ಬ್ಯಾರೆಯವ್ರು ಬಂದು ಬಂದೂಕ ಇಟ್ರ ನೀವು ರಂಗೋಲಿ ಹಾಕ್ಕೊಂತ ಕುಂದರ್ತೀರೇನ್ರಿ? ಆ ಸಣ್ಣದು ಹೋಗಿ ಹೋಗಿ ವೈರಿ ಕೂಟಕ್ಕ ಸೇರಾಕ ಹೊಂಟಿತ್ತು!”

ಶರಣಮ್ಮ ಮೇಡಂ ಸಣ್ಣ ದೇಶದ ಕಡೆ. “ಅದು ಯಾರ ಜೋಡಿ ಕೂಡಬೇಕು ಅನ್ನೋದು ಅದರ ಖುಷಿ. ನಾ ಮದಿವ್ಯಾಗಿ ಬಂದಾಗ ನಮ್ಮತ್ತಿ ಹಿಂಗ ಅಂತಿದ್ಲು, ಬಾಜೂ ಮನ್ಯಾಕಿ ಜೋಡಿ ಮಾತಾಡಬ್ಯಾಡ ಅಂತ. ನಾ ಮಾತಾಡಿದೆ. ಏನಾತು? ಅತ್ತೀನ ಹೊಂದ್ಕೊಂಡ್ಲು.”

“ನಿಮ್ಮತ್ತಿ ಕಡೆ ಅಣುಬಾಂಬ್ ಇರಲಿಲ್ಲಲ್ರಿ.”

“ನೀವು ನಮ್ಮತ್ತೀನ್ನ ನೋಡಿಲ್ಲ.”

ಮೌಲಾಸಾಬನದು ಯಾವ ಕಡೆಯೂ ಅಲ್ಲ. “ಉಂಡಾದ ಮ್ಯಾಲ ಯುದ್ಧ ಮಾಡಾಕ ಬರಂಗಿಲ್ಲೇನ್ರಿ?” ಎಂದು ದಿನಾ ಕೇಳುತ್ತಿದ್ದ. ನನ್ನ ಡೈರಿಯ ಲೆಕ್ಕದ ಪ್ರಕಾರ ಈ ವಾದಗಳಲ್ಲಿ ಇಬ್ಬರೂ ಸರಿಸಮ ಗೆದ್ದಿದ್ದಾರೆ. ಉಳಿದವನ್ನೆಲ್ಲ ಗೆದ್ದದ್ದು ಗೋಡೆ ಗಡಿಯಾರ.

ಆಷಾಢದ ಒಂದು ಮಂಗಳವಾರ ಪತ್ರಿಕೆಯವರು ಯುದ್ಧದ ಭೂಪಟವನ್ನು ಅರ್ಧ ಪುಟಕ್ಕೆ, ಅದೂ ಬಣ್ಣದಲ್ಲಿ ಅಚ್ಚುಹಾಕಿಬಿಟ್ಟರು. ಬುಧವಾರ ನಾವು ಅದನ್ನು ಹಾಸಿದೆವು. ಬಸವಂತಪ್ಪನವರು ಎಂದಿನಂತೆ ಡಬ್ಬಿ ತೆರೆದು ಮಧ್ಯಕ್ಕೆ ರೊಟ್ಟಿಯ ಅಟ್ಟಿಯನ್ನು ಇಟ್ಟರು. ಶರಣಮ್ಮ ಮೇಡಂ ಮೊಸರಿನ ಮುಚ್ಚಳ ತೆಗೆಯುತ್ತಿದ್ದವರು ಕೈ ನಿಲ್ಲಿಸಿದರು.

“ಬಸವಂತಪ್ಪನವರ, ರೊಟ್ಟಿ ತಗೀರಿ.”

“ಯಾಕ್ರಿ?”

“ಯಾವುದರ ಮ್ಯಾಲ ಇಟ್ಟೀರಿ ನೋಡ್ರಿ. ಸಣ್ಣ ದೇಶ ಪೂರಾ ಮುಚ್ಚೈತಿ.”

“ಇದು ಪೇಪರ್ ರೀ ಮೇಡಂ.”

“ನಿನ್ನಿ ತನಕ ಪೇಪರ್ ಆಗಿತ್ತು. ಇವತ್ತ ದೇಶ ಐತಿ. ನೀವು ಬೇಕಂತನ ಇಟ್ಟೀರಿ. ಹಿಂದಕ್ಕ ತಗೀರಿ.”

ಬಸವಂತಪ್ಪನವರು ತೆಗೆಯುತ್ತಿದ್ದರೋ ಏನೋ. ಆದರೆ ‘ಹಿಂದಕ್ಕೆ’ ಎಂಬ ಮಾತು ಅವರನ್ನು ಕೆಣಕಿತು. “ನನ್ನ ರೊಟ್ಟಿ ನಾ ಎಲ್ಲಿ ಇಡಬೇಕು ಅಂತ ನೀವು ಹೇಳೋದಾದ್ರ, ನನ್ನ ಸಾರ್ವಭೌಮತ್ವ ಎಲ್ಲಿಗಿ ಹೋತ್ರಿ?” ಎಂದು ಎಣ್ಣೆಗಾಯಿಯ ಡಬ್ಬಿಯನ್ನೂ ಎತ್ತಿ ಸಣ್ಣ ದೇಶದ ಬಂದರಿನ ಮೇಲೆ ಕುಕ್ಕಿದರು. ಎಣ್ಣೆ ಕರಾವಳಿಯುದ್ದಕ್ಕೂ ಹರಡಿತು.

“ರೊಟ್ಟಿ ನಾವೆಲ್ಲಾರೂ ತಿಂದ್ಬಿಟ್ರ ದೇಶ ತಾನ ಹೊರಗ ಬರತೈತಲ್ರಿ?” ಎಂದ ಮೌಲಾಸಾಬ.

“ಅದು ಕದನ ವಿರಾಮ ಆತು. ನ್ಯಾಯ ಆಗಲಿಲ್ಲ” ಎಂದು ಹೇಳಿ ಶರಣಮ್ಮ ಮೇಡಂ ಚಟ್ನಿ ಮೊಸರು ಎತ್ತಿಕೊಂಡು ಕಿಟಕಿ ಪಕ್ಕದ ಮೇಜಿಗೆ ಹೋದರು. ಮೌಲಾಸಾಬ ಫ್ಯಾನ್ ಇದ್ದ ಕಡೆಯೇ, ಅಂದರೆ ಬಸವಂತಪ್ಪನವರ ಕಡೆಯೇ ಉಳಿದ. ಇದನ್ನು ಮೇಡಂ ಸೈನಿಕ ಮೈತ್ರಿ ಎಂದು ಪರಿಗಣಿಸಿದರು.

ನಾನು ಅನ್ನದ ಡಬ್ಬಿ ಹಿಡಿದು ನಡುವೆ ನಿಂತೆ. ನನ್ನ ವಿದೇಶಾಂಗ ನೀತಿ ಅಂದೇ ರೂಪುಗೊಂಡಿತು: ಯಾವ ಬಣಕ್ಕೂ ಸೇರದೆ, ಮೊದಲರ್ಧ ಎಣ್ಣೆಗಾಯಿಯ ಮೇಜಿನಲ್ಲಿ, ಉಳಿದರ್ಧ ಮೊಸರಿನ ಮೇಜಿನಲ್ಲಿ. ಅಲಿಪ್ತ ನೀತಿ ಎಷ್ಟು ಉದಾತ್ತವಾದದ್ದು ಎಂದು ಶಾಲೆಯಲ್ಲಿ ಓದಿದ್ದೆ. ಅದರಿಂದ ಊಟ ಸಿಗುತ್ತದೆಯೇ ಎಂದು ಯಾರೂ ಕಲಿಸಿರಲಿಲ್ಲ. ಶುಕ್ರವಾರ ನಾನು ಮೇಜು ಬದಲಿಸಲು ಏಳುತ್ತಿದ್ದಂತೆ ಬಸವಂತಪ್ಪನವರು, “ಲೇ ಗಂಗಾವತಿ, ಆ ಕಡೆ ಹ್ವಾದ್ರ ನಾಳಿಂದ ಪಲ್ಯಾ ಬಂದ್” ಎಂದರು. ಅಲ್ಲಿಗೆ ಹೋದರೆ ಶರಣಮ್ಮ ಮೇಡಂ, “ತಮ್ಮಾ, ನಿನ್ನ ಅನ್ನದಾಗ ಎಣ್ಣಿಗಾಯಿ ವಾಸನಿ ಬರಾಕತ್ತೈತಿ. ಮೊದಲ ನಿನ್ನ ನಿಲುವು ಹೇಳು, ಆಮ್ಯಾಲ ಮೊಸರು” ಎಂದರು. ನಿಲುವು ಹೇಳಲಿಲ್ಲ. ಎರಡೂ ಕಡೆಯಿಂದ ದಿಗ್ಬಂಧನ ಬಿತ್ತು.

ಅಲ್ಲಿಂದ ಮುಂದೆ ನನ್ನದು ಮೂರನೆಯ ಮೇಜು, ಬರೀ ಅನ್ನ, ಅಂಗಡಿ ಉಪ್ಪಿನಕಾಯಿ. ಹಸಿವು ಒಂದು ಮಾತಾದರೆ, ಆ ಮೌನ ಇನ್ನೊಂದು ಮಾತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾರ ಪರಿಚಯವೂ ಇಲ್ಲದ ಊರಿನಲ್ಲಿ, ನನ್ನನ್ನು ಕರೆದು ಕೂರಿಸಿ ಉಣಬಡಿಸಿದವರು ಇವರಿಬ್ಬರೇ. ಈಗ ಮೂರು ಮೇಜುಗಳಿಂದ ಬರೀ ಅಗಿಯುವ ಸದ್ದು. ಸಂಧಾನಕ್ಕೆಂದು ಒಂದು ದಿನ, ಅಂದಿನಿಂದ ಯಾರೂ ಎತ್ತದೆ ಬಿಟ್ಟಿದ್ದ ಭೂಪಟವನ್ನು ಕಸದ ಬುಟ್ಟಿಗೆ ಹಾಕಿ ವಧು-ವರರ ಜಾಹೀರಾತಿನ ಪುಟ ಹಾಸಿದೆ. “ಸಾಕ್ಷಿ ನಾಶ ಮಾಡ್ತಿಯೇನಲೇ?” ಎಂದು ಬಸವಂತಪ್ಪನವರು ಗದರಿಸಿದರು. “ಇವಗ ಇದ್ರಾಗೂ ತನ್ನ ಮದಿವಿ ಚಿಂತಿ” ಎಂದು ಮೇಡಂ ಕಿಟಕಿಗೆ ಹೇಳಿದರು. ನಮ್ಮ ಕಚೇರಿಯ ರೀತಿಯಲ್ಲೇ ಅಳತೆ ಮಾಡಿ ಮೇಜಿಗೆ ಗಡಿ ಹಾಕಿಕೊಡುತ್ತೇನೆ ಎಂದೆ. ಇಬ್ಬರಿಗೂ ನಮ್ಮ ಕಚೇರಿಯ ಅಳತೆಗೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಗೊತ್ತಿತ್ತು, ಒಪ್ಪಲಿಲ್ಲ.

ಶ್ರಾವಣ ಹಿಡಿದ ಮೊದಲ ಭಾನುವಾರ ಊರಿಗೆ ಹೋಗಿದ್ದೆ. ನನ್ನ ಮುಖ ನೋಡಿ ಅವ್ವ ಒಂದು ಬಾಟಲಿ ತುಂಬ ಸೊಪ್ಪಿನ ಚಟ್ನಿ ಕುಟ್ಟಿ ಕೊಟ್ಟಳು. ಗಂಗಾವತಿಯ ಸುತ್ತ ಕಾಲುವೆ ಬಂದ ಕಾಲದಿಂದ ವಲಸೆ ಬಂದ ತೆಲುಗಿನವರು ನೆಲೆಸಿದ ಕ್ಯಾಂಪುಗಳಿವೆ. ಅಂಥ ಕ್ಯಾಂಪಿನ ಗೆಳತಿಯೊಬ್ಬಳಿಂದ ಅವ್ವ ಈ ಚಟ್ನಿಯನ್ನೂ ಅದರ ಹೆಸರನ್ನೂ ಕಲಿತಿದ್ದಾಳೆ. ಸೋಮವಾರ ಒಂದೂವರೆಗೆ ಮುಚ್ಚಳ ತೆಗೆದೆ. ಹುಳಿ, ಬೆಳ್ಳುಳ್ಳಿ, ಕಾದೆಣ್ಣೆಯ ಘಮ ಮೂರೂ ಮೇಜುಗಳನ್ನು ಒಟ್ಟಿಗೇ ಮುಟ್ಟಿತು.

“ಏನ್ ತಮ್ಮಾ ಅದು?” ದಿಗ್ಬಂಧನ ಮರೆತು ಶರಣಮ್ಮ ಮೇಡಂ ಕೇಳಿದರು.

“ಗೋಂಗೂರ ರೀ ಮೇಡಂ.”

ಬಸವಂತಪ್ಪನವರ ಕೈಯ ತುತ್ತು ನಿಂತಿತು. “ಏನಂದಿ?”

“ಗೋಂಗೂರ.”

“ಲೇ, ಆ ಎಲಿಗೆ ಪುಂಡಿ ಅಂತಾರ. ಪುಂಡಿಪಲ್ಯಾ!”

“ಹೌದಲ್ಲ ಮತ್ತ!” ಎಂದರು ಮೇಡಂ. “ನಮ್ಮ ಪುಂಡಿಗೆ ಯಾವಾಗ ಹೆಸರು ಬದಲಾತು?”

ಕ್ಷಮೆ ಕೇಳಲು ಬಾಯಿ ತೆರೆದವನು ತಲೆ ಎತ್ತಿ ನೋಡಿದೆ. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಎರಡು ಮೇಜುಗಳ ಮುಖಗಳು ಒಂದೇ ದಿಕ್ಕಿಗೆ ತಿರುಗಿದ್ದವು. ಅದು ನನ್ನ ದಿಕ್ಕು. ಮಹಾ ರಾಜತಂತ್ರಜ್ಞರಿಗೆ ಇಂಥ ಗಳಿಗೆ ಜೀವನದಲ್ಲಿ ಒಮ್ಮೆ ಬರುತ್ತದಂತೆ. ನನಗೆ ಅದು ಒಂದು ಗಂಟೆ ಮೂವತ್ತಾರು ನಿಮಿಷಕ್ಕೆ ಬಂತು. ಕ್ಷಮೆಯನ್ನು ನುಂಗಿಕೊಂಡೆ.

“ಇಲ್ರಿ. ಇದು ಗೋಂಗೂರನ. ಗಂಗಾವತಿ ಸ್ವತ್ತು, ಕಾಲುವಿ ನೀರಾಗ ಬೆಳದದ್ದು. ನಿಮ್ಮ ಮಳಿ ನಂಬಿದ ಎರಿ ಹೊಲದ ಪುಂಡಿ ಅಂದ್ರ ಇದರ ಬಡ ಸಂಬಂಧಿ.”

“ಬಡ ಸಂಬಂಧಿ?” ಬಸವಂತಪ್ಪನವರು ಎದ್ದು ನಿಂತರು. “ಮೇಡಂ, ಕೇಳಿದ್ರ್ಯಾ?”

“ಕೇಳಿದೆ. ಮೌಲಾಸಾಬ, ನನ್ನ ಮೇಜು ಆ ಕಡೆ ಎಳಿ.”

ಮೇಜುಗಳನ್ನು ಎಳೆದಾಡಿದ ಸದ್ದಿಗೆ ನಮ್ಮ ಕಚೇರಿಯ ಸಾಹೇಬರು ಹೊರಗೆ ಬಂದು ನೋಡಿ ಒಳಗೆ ಹೋದರು. ನನ್ನ ಬಾಟಲಿಯನ್ನು ಪುರಾವೆಯಾಗಿ ವಶಪಡಿಸಿಕೊಳ್ಳಲಾಯಿತು. ಪರೀಕ್ಷೆಗೆಂದು ಒಂದು ರೊಟ್ಟಿ, ಖಚಿತಪಡಿಸಿಕೊಳ್ಳಲು ಇನ್ನೊಂದು. “ಇದು ಪುಂಡಿನ. ಎಣ್ಣಿ ಜಾಸ್ತಿ ಐತಿ ಅಷ್ಟ” ಎಂದು ಜಂಟಿ ಹೇಳಿಕೆ ಹೊರಬರುವ ಹೊತ್ತಿಗೆ ಬಾಟಲಿಯ ತಳ ಕಾಣುತ್ತಿತ್ತು. ನಾನು ಸೋಲೊಪ್ಪಲಿಲ್ಲ.

ಮರುದಿನ ಇಬ್ಬರೂ ಮನೆಯಿಂದ ಪುಂಡಿಪಲ್ಯ ಮಾಡಿಸಿ ತಂದರು, ನನಗೆ ಬುದ್ಧಿ ಕಲಿಸಲು. ಒಂದೇ ಮೇಜು, ಸಣ್ಣ ದೇಶ ದೊಡ್ಡ ದೇಶಗಳ ಸುದ್ದಿಯೇ ಇಲ್ಲ. ಆದರೆ ಗಂಡಾಂತರವೊಂದು ಎದುರಾಯಿತು. ಬಸವಂತಪ್ಪನವರ ಪಲ್ಯದಲ್ಲಿ ಜೋಳದ ನುಚ್ಚು ಇತ್ತು, ಮೇಡಂ ಅವರದರಲ್ಲಿ ತೊಗರಿಬೇಳೆ.

“ನುಚ್ಚು ಹಾಕಿದ್ರ ಅದು ಪುಂಡಿಪಲ್ಯಾ ಹೆಂಗ ಆಕ್ಕೈತ್ರಿ? ಅಂಬಲಿ ಆಕ್ಕೈತಿ” ಎಂದರು ಮೇಡಂ.

“ಬ್ಯಾಳಿ ಹಾಕಿದ್ರ ಸಾರು ಆಕ್ಕೈತಿ” ಎಂದರು ಬಸವಂತಪ್ಪನವರು. ಮೇಡಂ ಅವರ ಕೈ ಮೊಸರಿನ ಡಬ್ಬಿಯತ್ತ ಸರಿಯಿತು. ಕಿಟಕಿಯ ಕಡೆಗೊಮ್ಮೆ ನೋಡಿದರು.

“ಎರಡೂ ನೋಡಿದೆ” ಎಂದೆ ಗಟ್ಟಿಯಾಗಿ. “ಗೋಂಗೂರದ ಮುಂದ ಎರಡೂ ಸಪ್ಪಗ ಅದಾವು.”

“ಏನು ಸೊಕ್ಕರಿ ಈ ಹುಡುಗಂದು!” ಎಂದು ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ನನ್ನ ತಟ್ಟೆಗೆ ಎರಡೂ ಪಲ್ಯಗಳನ್ನು ಸುರಿದು, “ತಿನ್ನು, ತಿಂದು ಹೇಳು” ಎಂದು ಎದುರಿಗೇ ಕೂತರು. ತಿಂದೆ. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಹೆಚ್ಚಾಗಿತ್ತು ಎಂದು ಡೈರಿಯಲ್ಲಿ ಬರೆದಿದ್ದೇನೆ. ಬಾಯಲ್ಲಿ ಮಾತ್ರ, “ಇನ್ನಾ ಸಪ್ಪಗನ ಐತಿ” ಎಂದೆ. ಇನ್ನೊಂದು ಸೌಟು ಬಿತ್ತು.

ವಾರ ಪೂರ್ತಿ ಹೀಗೇ ನಡೆದಿದೆ. ದಿಗ್ಬಂಧನ ರದ್ದಾಗಿದೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಎರಡು ಬಗೆಯ ಪುಂಡಿ, ಎಲ್ಲವೂ ವೈರಿಯ ತಟ್ಟೆಗೇ ಮೊದಲು ಬೀಳುತ್ತವೆ. ‘ಪುಂಡಿ’ ಎಂದು ಒಂದು ಸಲ ಬಾಯಿಬಿಟ್ಟು ಹೇಳಿದರೆ ಶರತ್ತಿಲ್ಲದ ಶಾಂತಿ ಕೊಡುವುದಾಗಿ ಶುಕ್ರವಾರ ಇಬ್ಬರೂ ಪ್ರಸ್ತಾಪವಿಟ್ಟರು. ನಾನು ತಿರಸ್ಕರಿಸಿದೆ. ಶಾಂತಿಯನ್ನು ಅಷ್ಟು ಸುಲಭವಾಗಿ ಕೆಡಿಸಲು ನಾನು ಬಿಡುವವನಲ್ಲ.

ಗೆಲುವು ಸಂಪೂರ್ಣ ಎಂದು ಬರೆದು ಅಡಿಗೆರೆ ಎಳೆಯಬಹುದಿತ್ತು. ಆದರೆ ನಿನ್ನೆ ಸಂಜೆ ಊರಿಗೆ ಬಂದವನು ಚೀಲ ಇಳಿಸುತ್ತ, “ಅವ್ವಾ, ಇನ್ನೊಂದು ಬಾಟಲಿ ಪುಂಡಿ ಚಟ್ನಿ ಮಾಡಿಕೊಡು” ಎಂದುಬಿಟ್ಟೆ. ಅವ್ವ ಒಲೆಯ ಮುಂದಿನಿಂದ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಏನಂದಿ? ಪುಂಡಿನಾ? ಯಲಬುರ್ಗಾದವ್ರು ನಿನಗೇನು ತಿನ್ನಿಸ್ಯಾರ?” ನನ್ನ ತಂಗಿ, “ಇವನ ಪಕ್ಷಾಂತರ ಆಗೈತಿ” ಎಂದಳು. ಚಟ್ನಿ ಇನ್ನೂ ಮಂಜೂರಾಗಿಲ್ಲ. ನಾಳೆ ಸೋಮವಾರ, ಬರಿಗೈಯಲ್ಲಿ ಹೋದರೆ ನನ್ನ ವೈರತ್ವಕ್ಕೆ ಬೆಲೆ ಏನು ಉಳಿಯುತ್ತದೆ? ಅಲ್ಲದೆ ಮಳೆಗಾಲ ಮುಗಿದು ಎಲೆ ಬಲಿತರೆ ಈ ಜಗಳವೂ ಬಾಡುತ್ತದೆ. ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ: ಎರಡು ಊರಿನಲ್ಲಿ ಎರಡು ಹೆಸರಿರುವ, ಎರಡೂ ಊರಿನವರು ತಮ್ಮದೇ ಎಂದು ಹಟ ಹಿಡಿಯಬಲ್ಲ, ಚಳಿಗಾಲದಲ್ಲಿ ಸಿಗುವ ಸೊಪ್ಪೋ ಕಾಯಿಯೋ ನಿಮಗೆ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ. ಅದನ್ನು ಮಾಡುವ ವಿಧಾನವನ್ನೂ ಸೇರಿಸಿ ಬರೆಯಿರಿ. ನನಗೆ ಬರುವುದು ಅನ್ನ ಮಾತ್ರ.